ಕಾರಿಗೂ ಜ್ವರ ಬರುವುದೇಕೆ?

ಮಕ್ಕಳೇ, ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಪುತ್ತೂರು, ಸುಳ್ಯ ದಾಟಿ ಸಂಪಾಜೆಗೆ ಬಂದರೆ ಘಾಟಿ ಶುರುವಾಗುತ್ತದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಹಳೆಯ ಅಂಬಾಸಿಡರ್ ಕಾರೊಂದು ಆರು ಜನರನ್ನು ಹೊತ್ತು ಆ ಘಾಟಿ ಹತ್ತುತ್ತಿದೆ ಎಂದುಕೊಳ್ಳಿ. ತಾಪ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಏಳುತ್ತದೆ. ಕಾರನ್ನು ಬದಿಗೆ ನಿಲ್ಲಿಸಿದ ಕೂಡಲೇ ಒಬ್ಬರು ನೀರಿನ ಬಾಟಲಿ ಹಿಡಿದು, ರೇಡಿಯೇಟರಿನ ಮುಚ್ಚಳ ತಿರುಗಿಸಲು ಓಡುತ್ತಾರೆ.

ಅವರನ್ನು ತಡೆಯಬೇಕು! ಏಕೆ ಗೊತ್ತೇ? ಉತ್ತರ ತಿಳಿಯಲು ಎಂಜಿನ್ನಿನ ಒಳಗೆ ಇಣುಕೋಣ.

ಇಷ್ಟು ಬಿಸಿ ಎಲ್ಲಿಂದ ಬಂತು?

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೆ ಹಳೆಯದಿರಲಿ, ಹೊಸದಿರಲಿ, ಪೆಟ್ರೋಲ್ ಎಂಜಿನ್ನಿನ ತತ್ವ ಒಂದೇ. ಸಿಲಿಂಡರಿನೊಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಅನಿಲದ ತಾಪ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ!

ನೀವು 100 ರೂಪಾಯಿಯ ಪೆಟ್ರೋಲು ಹಾಕಿಸಿದರೆ, ಓಡಲು ಬಳಕೆಯಾಗುವುದು ಸುಮಾರು 25ರಿಂದ 30 ರೂಪಾಯಿಯಷ್ಟು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಭಾಗ ಉಷ್ಣವಾಗಿ ಹೋಗುತ್ತದೆ. ಒಂದಿಷ್ಟು ಹೊಗೆಕೊಳವೆಯ ಮೂಲಕ ಹೊರಬೀಳುತ್ತದೆ. ಇನ್ನೊಂದಿಷ್ಟನ್ನು ನೀರು ಹೊತ್ತೊಯ್ಯಬೇಕು.

ನೀರನ್ನೇ ಏಕೆ ಆರಿಸಿದರು? ಒಂದು ಗ್ರಾಂ ಕಬ್ಬಿಣವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಉಷ್ಣದ ಸುಮಾರು ಒಂಬತ್ತು ಪಟ್ಟು ಉಷ್ಣ, ಒಂದು ಗ್ರಾಂ ನೀರಿಗೆ ಬೇಕು. ಅಂದರೆ ನೀರು ತಾನು ಬೇಗ ಬಿಸಿಯಾಗದೆ ಬಹಳ ಉಷ್ಣವನ್ನು ಹೀರಿಕೊಳ್ಳಬಲ್ಲದು.

ಪಂಪು ಈ ನೀರನ್ನು ಎಂಜಿನ್ನಿನ ಸುತ್ತ ಹರಿಸಿ ರೇಡಿಯೇಟರಿಗೆ ಕಳಿಸುತ್ತದೆ. ಅಲ್ಲಿ ಸಣ್ಣ ಕೊಳವೆಗಳೂ ತೆಳುವಾದ ಲೋಹದ ಹಾಳೆಗಳೂ ಇವೆ. ಲೋಟದ ಚಹಾಕ್ಕಿಂತ ಬಸಿಗೆ ಸುರಿದ ಚಹಾ ಬೇಗ ಆರುತ್ತದಲ್ಲವೇ? ಇಲ್ಲಿಯೂ ಹಾಗೆಯೇ, ಗಾಳಿಗೆ ತಾಗುವ ಮೈ ಹೆಚ್ಚಿದಷ್ಟೂ ಬೇಗ ತಣಿಯುತ್ತದೆ.

ಮುಚ್ಚಳದ ಗುಟ್ಟು

ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕಡಿಮೆ. ಅಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹೆಚ್ಚಿದರೆ ಕುದಿಬಿಂದುವೂ ಏರುತ್ತದೆ. ಅಡುಗೆಮನೆಯ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಇರುವುದು ಹೀಗೆಯೇ. ರೇಡಿಯೇಟರಿನ ಮುಚ್ಚಳವೂ ಒಳಗೆ ಒತ್ತಡವನ್ನು ಹಿಡಿದಿಡುತ್ತದೆ.

ಈಗ ಯೋಚಿಸಿ. ಒಳಗಿನ ನೀರು 110 ಡಿಗ್ರಿಯಲ್ಲಿದೆ. ಒತ್ತಡದಿಂದಾಗಿ ಕುದಿಯದೆ ನಿಂತಿದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ. ನೀರು ಒಮ್ಮೆಲೇ ಕುದಿದು ಹಬೆಯಾಗುತ್ತದೆ. ಹಬೆಗೆ ನೀರಿಗಿಂತ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಕುದಿಯುವ ನೀರನ್ನೂ ಎಳೆದುಕೊಂಡು ಕಾರಂಜಿಯಂತೆ ಚಿಮ್ಮುತ್ತದೆ. ಮುಖ, ಕಣ್ಣು, ಕೈ ಸುಟ್ಟುಹೋಗಬಹುದು. ಓಡಿಹೋದವರನ್ನು ತಡೆಯಬೇಕಾದದ್ದು ಇದಕ್ಕೇ.

ರೋಗ ಯಾವುದು?

ಜ್ವರ ಬಂದಾಗ ವೈದ್ಯರು ಕಾರಣ ಹುಡುಕುವಂತೆ ಮೆಕ್ಯಾನಿಕ್ ಕೂಡ ಲಕ್ಷಣಗಳನ್ನು ನೋಡುತ್ತಾರೆ.

ಪಂಪ್‌ವೆಲ್‌ನಂಥ ಕಡೆ ವಾಹನಗಳ ಸಾಲಿನಲ್ಲಿ ನಿಂತಾಗ ಬಿಸಿಯಾಗಿ, ಓಡತೊಡಗಿದಾಗ ತಣಿಯುವುದಾದರೆ ಫ್ಯಾನಿನ ಮೇಲೆ ಅನುಮಾನ. ಓಡುವಾಗ ಎದುರುಗಾಳಿ ಇರುತ್ತದೆ, ನಿಂತಾಗ ಫ್ಯಾನೇ ಗತಿ.

ಬಿಸಿಯ ಜೊತೆಗೆ ಬ್ಯಾಟರಿಯ ಕೆಂಪು ದೀಪವೂ ಹೊತ್ತಿದರೆ ಬೆಲ್ಟು ತುಂಡಾಗಿರಬಹುದು. ಅನೇಕ ಹಳೆಯ ಕಾರುಗಳಲ್ಲಿ ಫ್ಯಾನು, ನೀರಿನ ಪಂಪು, ಡೈನಮೋ ಮೂರನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ.

ಬೆಳಿಗ್ಗೆ ಕಾರು ನಿಂತ ಜಾಗದಲ್ಲಿ ಒದ್ದೆ ಕಂಡರೆ ನೀರು ಸೋರುತ್ತಿರಬಹುದು. ರಬ್ಬರ್ ಕೊಳವೆಗಳು ಹಳತಾದಂತೆ ಬಿರಿಯುತ್ತವೆ. ಘಾಟಿಯಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರಿನ ಹೊರಗೆ ಕೆಸರು, ಒಳಗೆ ತುಕ್ಕು ಕಟ್ಟಿರುವ ಸಾಧ್ಯತೆ ಇದೆ. ಕಡಲ ಹತ್ತಿರದ ಉಪ್ಪು ಬಾವಿಯ ನೀರು ಹಾಕಿದರೆ ತುಕ್ಕು ಬೇಗ ಹಿಡಿಯುತ್ತದೆ. ಎಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಎಣ್ಣೆಗೆ ಸೇರಿದೆ ಎಂದರ್ಥ. ಆ ಕಾರನ್ನು ಮುಂದೆ ಓಡಿಸಲೇಬಾರದು.

ಏನು ಮಾಡಬೇಕು?

ಕಾರನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಕನಿಷ್ಠ ಅರ್ಧ ಗಂಟೆ ಕಾಯಬೇಕು. ಪೂರ್ತಿ ತಣಿದ ಮೇಲೆ ದೊಡ್ಡವರು ದಪ್ಪ ಬಟ್ಟೆ ಹಿಡಿದು, ಮುಖ ದೂರವಿಟ್ಟು ಮುಚ್ಚಳವನ್ನು ನಿಧಾನವಾಗಿ ತಿರುಗಿಸಬಹುದು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಕಾದ ಗಾಜಿನ ಲೋಟದಂತೆ ಲೋಹವೂ ಸೀಳಬಹುದು. ಈಗಿನ ಕಾರುಗಳಲ್ಲಿ ನೀರಿಗೆ ಬೆರೆಸುವ ಬಣ್ಣದ ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಅದು ಚೆಲ್ಲಿದ್ದರೆ ಮುಟ್ಟಬೇಡಿ. ನಾಯಿ, ಬೆಕ್ಕು ನೆಕ್ಕದಂತೆ ತೊಳೆಯಲು ಹೇಳಿ.

ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲಿ ಒಂದು ಚೊಂಬಿಗೂ ಒಂದು ಅಗಲವಾದ ಸ್ಟೀಲ್ ತಟ್ಟೆಗೂ ಸಮಪ್ರಮಾಣದ ಬಿಸಿನೀರು ಹಾಕಿಸಿ. ಎರಡೆರಡು ನಿಮಿಷಕ್ಕೊಮ್ಮೆ ತಾಪಮಾಪಕದಿಂದ ತಾಪ ಅಳೆದು ಬರೆದುಕೊಳ್ಳಿ. ಬಳಿಕ ತಟ್ಟೆಗೆ ಬೀಸಣಿಗೆಯಿಂದ ಗಾಳಿ ಬೀಸಿ ಮತ್ತೆ ಅಳೆಯಿರಿ. ಯಾವುದು ಬೇಗ ಆರಿತು? ರೇಡಿಯೇಟರಿನ ಹಿಂದೆ ಫ್ಯಾನು ಏಕೆ ಇದೆ ಎಂದು ಆಗ ನೀವೇ ಹೇಳಬಲ್ಲಿರಿ.

ಇಂದು ಮನೆಗೆ ಹೋದ ಮೇಲೆ, ಮುಚ್ಚಳದ ಗುಟ್ಟನ್ನು ನಿಮ್ಮ ಮನೆಯವರಿಗೂ ತಿಳಿಸಿ. ರಿಕ್ಷಾ, ಟ್ಯಾಕ್ಸಿ, ಲಾರಿ ಓಡಿಸುವವರು ನಿಮ್ಮ ಮನೆಯಲ್ಲಿದ್ದರೆ ಅವರ ಅನುಭವವನ್ನು ಕೇಳಿ ಬರೆದುಕೊಂಡು ಬನ್ನಿ. ತರಗತಿಯಲ್ಲಿ ಚರ್ಚಿಸೋಣ.