ಗೋಧಿಯ ಗುಟ್ಟನ್ನು ಬಯಲಿಗೆಳೆದ ವೈದ್ಯ

ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ತಿಂದ ಅನ್ನ ಮೈಗೆ ಹತ್ತದೆ ಜಿಡ್ಡುಜಿಡ್ಡಾದ ಭೇದಿಯಾಗಿ ಹೋಗುತ್ತದೆ. ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲ, ಆಟದಲ್ಲಿ ಆಸಕ್ತಿಯಿಲ್ಲ, ಮಾತೆತ್ತಿದರೆ ಅಳು. ನೂರು ವರ್ಷಗಳ ಹಿಂದೆ ಯೂರೋಪಿನ ಎಷ್ಟೋ ತಾಯಂದಿರ ಮಡಿಲನ್ನು ಬರಿದು ಮಾಡಿದ ಈ ವ್ಯಾಧಿಯ ಹೆಸರು ಸೀಲಿಯಾಕ್. ಹೊಟ್ಟೆಗೆ ಸಂಬಂಧಿಸಿದ್ದು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಹೆಸರಿಟ್ಟವರಿಗೂ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲವೆನ್ನಬೇಕು.

ಈ ರೋಗ ವಾಸಿಯಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿಯೇ ಬರೆದಿದ್ದರು. ಆದರೆ ಅವರು ವಿಧಿಸಿದ ಪಥ್ಯವನ್ನು ನೋಡಿರಿ: ಅಕ್ಕಿ ಕೂಡದು, ತೆಳ್ಳಗೆ ಕೊಯ್ದು ಎರಡೂ ಮಗ್ಗುಲು ಸುಟ್ಟ ಬ್ರೆಡ್ಡು ಆಗಬಹುದು! ಅಮೃತವನ್ನು ಚೆಲ್ಲಿ ವಿಷವನ್ನು ಬಟ್ಟಲಿಗೆ ಸುರಿದಂತಾಯಿತು. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಸಾರಿದರು. ಮಕ್ಕಳು ಚೇತರಿಸಿಕೊಂಡರು, ಬಾಳೆಹಣ್ಣಿಗೆ ಕೀರ್ತಿ ಬಂತು. ಆ ಪಥ್ಯದಲ್ಲಿ ಬ್ರೆಡ್ಡಿಗೆ ಎಡೆಯಿರಲಿಲ್ಲವೆಂಬುದರ ಮರ್ಮ ಮಾತ್ರ ಹೊಳೆಯಲಿಲ್ಲ.

ಅದು ಹೊಳೆದದ್ದು ಹಾಲೆಂಡಿನ ಶಿಶುವೈದ್ಯ ವಿಲೆಮ್ ಕರೆಲ್ ಡಿಕ್ಕೆ ಅವರಿಗೆ. 1905ರಲ್ಲಿ ಡೋರ್ಡ್ರೆಕ್ಟ್ ಪಟ್ಟಣದಲ್ಲಿ ಜನಿಸಿದ ಅವರು 1936ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಹೇಗ್ ನಗರದ ಜುಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಬ್ರೆಡ್ಡು ನಿಲ್ಲಿಸಿದಾಗಲೆಲ್ಲ ತನ್ನ ಮಗು ಗುಣವಾಗುತ್ತದೆಂದು ತಾಯಿಯೊಬ್ಬಳು ಹೇಳಿದ ಮಾತು ಅವರ ಮನಸ್ಸಿನಲ್ಲಿ ನಾಟಿತೆಂದು ಹೇಳಿಕೆಯಿದೆ. ದೊಡ್ಡ ವೈದ್ಯರು ತಾಯಂದಿರ ಮಾತಿಗೆ ಕಿವಿಗೊಡುವುದು ಅಪೂರ್ವ, ಡಿಕ್ಕೆ ಕಿವಿಗೊಟ್ಟರು. ಗೋಧಿಯಿಲ್ಲದ ಆಹಾರವನ್ನು ಮಕ್ಕಳಿಗೆ ಕೊಟ್ಟು ನೋಡಿದರು. 1941ರಲ್ಲಿ ಡಚ್ ಭಾಷೆಯಲ್ಲಿ ಒಂದು ಲೇಖನವನ್ನೂ ಪ್ರಕಟಿಸಿದರು. ನಾಡೆಲ್ಲ ಜರ್ಮನರ ಹಿಡಿತದಲ್ಲಿ ನರಳುತ್ತಿದ್ದ ಕಾಲ. ಹೊರಜಗತ್ತಿಗೆ ಅದು ಕೇಳಿಸುವುದೆಂತು?

ಮುಂದೆ ಬಂದದ್ದು 1944-45ರ ಘೋರ ಚಳಿಗಾಲ. ಪಶ್ಚಿಮ ಹಾಲೆಂಡಿಗೆ ಆಹಾರದ ಸರಬರಾಜು ಕಡಿಯಿತು. ಜನ ಟ್ಯೂಲಿಪ್ ಹೂವಿನ ಗೆಡ್ಡೆಯನ್ನು ಬೇಯಿಸಿ ತಿಂದರು. ಸಾವಿರಾರು ಮಂದಿ ಹಸಿವಿನಿಂದ ಸತ್ತರು. ಬ್ರೆಡ್ಡು ಕಾಣಲು ಸಿಗದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳ ಸ್ಥಿತಿ ಮಾತ್ರ ಸುಧಾರಿಸಿತು! ಬ್ರೆಡ್ಡು ಮರಳಿದೊಡನೆ ರೋಗವೂ ಮರಳಿತು. ಡಿಕ್ಕೆ ಅವರಿಗೆ ಜ್ಞಾನೋದಯವಾದದ್ದೇ ಈ ಕ್ಷಾಮದಲ್ಲೆಂದು ಅನೇಕರು ಬರೆಯುತ್ತಾರೆ. ರಮ್ಯವಾದ ಕಥೆ, ಆದರೆ 1941ರ ಲೇಖನ ಅದನ್ನು ಸುಳ್ಳಾಗಿಸುತ್ತದೆ. ಕ್ಷಾಮ ಅವರಿಗೆ ಸಾಕ್ಷಿಯಾಯಿತು, ಗುರುವಾಗಲಿಲ್ಲ.

ಯುದ್ಧ ಮುಗಿದ ಮೇಲಿನ ಕೆಲಸವೇ ಕಠಿನವಾದದ್ದು. ಉಟ್ರೆಕ್ಟ್ ನಗರದ ರಸಾಯನಜ್ಞ ವಾನ್ ಡೆ ಕಾಮರ್, ವೈದ್ಯ ವೈಯರ್ಸ್ ಜೊತೆಗೂಡಿದರು. ಮಕ್ಕಳಿಗೆ ಗೋಧಿಯನ್ನು ಕೊಡುವುದು, ನಿಲ್ಲಿಸುವುದು, ಮತ್ತೆ ಕೊಡುವುದು. ಪ್ರತಿಸಲವೂ ಮಲದಲ್ಲಿ ಎಷ್ಟು ಕೊಬ್ಬು ಜೀರ್ಣವಾಗದೆ ಹೊರಬಿತ್ತೆಂದು ಅಳೆಯುವುದು. ಓದುಗರು ಮೂಗು ಮುಚ್ಚಿಕೊಂಡಾರು. ಆದರೆ ಪುರಾವೆ ಇದ್ದದ್ದು ಅಲ್ಲಿಯೇ. 1950ರಲ್ಲಿ ಡಿಕ್ಕೆ ಇದನ್ನೇ ತಮ್ಮ ಡಾಕ್ಟರೇಟ್ ಪ್ರಬಂಧವಾಗಿಸಿದರು. ಅಪರಾಧಿ ಗೋಧಿಯ ಪಿಷ್ಟವಲ್ಲ, ಹಿಟ್ಟನ್ನು ನಾದಿದಾಗ ಅಂಟಂಟಾಗಿ ಬರುವ ಗ್ಲೂಟೆನ್ ಎಂಬ ಸಸಾರಜನಕವೆಂಬುದು 1953ರ ಹೊತ್ತಿಗೆ ಖಚಿತವಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವೈದ್ಯರೂ ಅದೇ ನಿರ್ಣಯಕ್ಕೆ ಬಂದಿದ್ದರು. ಉಟ್ರೆಕ್ಟಿನಲ್ಲಿ ಪ್ರೊಫೆಸರ್ ಪದವಿಗೇರಿದ ಡಿಕ್ಕೆ 1962ರಲ್ಲಿ, ಅರವತ್ತು ತುಂಬುವ ಮೊದಲೇ ತೀರಿಕೊಂಡರು.

ಗ್ಲೂಟೆನ್ ಮಾಡುವ ಕೇಡೇನು? ಸಣ್ಣಕರುಳಿನ ಒಳಗೋಡೆ ಮಖಮಲ್ಲಿನಂತೆ ನವಿರಾದ ಎಳೆಗಳಿಂದ ತುಂಬಿದೆ. ಆಹಾರದ ಸಾರವನ್ನು ಹೀರುವುದು ಅವೇ. ಈ ರೋಗಿಗಳಲ್ಲಿ ಗ್ಲೂಟೆನ್ ಒಳಹೊಕ್ಕೊಡನೆ ದೇಹದ ರಕ್ಷಣಾವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಎಳೆಗಳು ಸವೆದು ಮಖಮಲ್ಲು ಬೋಳಾಗುತ್ತದೆ. ಗ್ಲೂಟೆನ್ ಬಿಟ್ಟರೆ ಕ್ರಮೇಣ ಮತ್ತೆ ಚಿಗುರುತ್ತದೆ. ಇಂದಿಗೂ ಆಜೀವ ಪಥ್ಯವೇ ಔಷಧ.

ಭಾರತದಲ್ಲಿ ಈ ರೋಗ ಹೆಚ್ಚಾಗಿ ಕಾಣುವುದು ಗೋಧಿಯುಣ್ಣುವ ಉತ್ತರದಲ್ಲಿ. ನಮ್ಮ ರಾಗಿ, ಜೋಳ, ಅಕ್ಕಿ, ನವಣೆಗಳು ನಿರಪಾಯಕರ. ಚಪಾತಿ, ರವೆಯ ಉಪ್ಪಿಟ್ಟು, ಚಿರೋಟಿ ಸಲ್ಲವು. ಸಾರಿಗೆ ಹಾಕುವ ಡಬ್ಬಿಯ ಇಂಗಿನಲ್ಲಿಯೂ ಅನೇಕ ವೇಳೆ ಮೈದಾ ಬೆರೆತಿರುತ್ತದೆ. ಗೃಹಿಣಿಯರು ಚೀಟಿಯನ್ನು ಓದಿಕೊಳ್ಳಬೇಕು. ಇನ್ನೊಂದು ಮಾತು: ಸಂಶಯ ಬಂದೊಡನೆ ತಾವಾಗಿಯೇ ಗೋಧಿಯನ್ನು ಬಿಟ್ಟು ಆಮೇಲೆ ವೈದ್ಯರಲ್ಲಿಗೆ ಹೋದರೆ, ರಕ್ತಪರೀಕ್ಷೆಯಲ್ಲಿ ರೋಗದ ಕುರುಹು ಕಾಣದೆ ಹೋಗಬಹುದು. ಪರೀಕ್ಷೆ ಮೊದಲು, ಪಥ್ಯ ಅನಂತರ.