ಮೊದಲು ಕೆರೆಯಿರಿ, ಆಮೇಲೆ ಬಳಿಯಿರಿ

ಹಂಪಿಯ ರಾಣಿ ಸ್ನಾನಗೃಹಕ್ಕೆ ಹೋದವರು ನಡುವಿನ ಕೊಳ ನೋಡಿ, ಫೋಟೊ ತೆಗೆದು ಹೊರಡುತ್ತಾರೆ. ಮನೆಯ ಗೋಡೆಗೆ ತಾವೇ ಪುಟ್ಟಿ ಎಳೆಯುವ ಹುಕಿ ಇರುವವರು ಮಾತ್ರ ಗಾರೆ ಉದುರಿದ ಮೂಲೆಯ ಮುಂದೆ ಐದು ನಿಮಿಷ ನಿಲ್ಲಬೇಕು. ಒಳಗೆ ಇಟ್ಟಿಗೆ, ಅದರ ಮೇಲೆ ಒರಟು ಗಾರೆ, ಕೊನೆಗೆ ನಯವಾದ ತೆಳು ಪದರ. ಗೋಡೆಯನ್ನು ಸಮ ಮಾಡುವುದು ಒರಟು ಪದರದ ಕೆಲಸ. ತೆಳು ಪದರ ನಯ ಕೊಡುತ್ತದೆ, ಅಷ್ಟೇ. ಹೊಸಬರು ಎಡವುವುದು ಇಲ್ಲೇ. ಅರ್ಧ ಇಂಚಿನ ಗುಂಡಿಯನ್ನೂ ಪುಟ್ಟಿಯಲ್ಲೇ ಮುಚ್ಚಲು ಹೊರಡುತ್ತಾರೆ.

ಪುಟ್ಟಿಯ ಚೀಲ ತರುವ ಮೊದಲು ನಿಮ್ಮ ಗೋಡೆ ಯಾವ ಜಾತಿಯದು ಎಂದು ತಿಳಿಯಬೇಕು. ಹೊಸಪೇಟೆ, ಕಂಪ್ಲಿ, ಸಂಡೂರಿನ ಹಳೇ ಓಣಿಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಗಳು ಇನ್ನೂ ಇವೆ. ಹಬ್ಬ ಬಂದಾಗಲೆಲ್ಲ ಸುಣ್ಣ ಬಳಿದು ಬಳಿದು, ಕೆಲವು ಗೋಡೆಗಳ ಮೇಲೆ ಹಪ್ಪಳದಂತೆ ಪದರ ಕಟ್ಟಿರುತ್ತದೆ. ಅಂಗೈಯಿಂದ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ ಮೇಲಿರುವುದು ಸುಣ್ಣ. ಅದು ಕೆಳಗಿನ ಗೋಡೆಯನ್ನು ಗಟ್ಟಿಯಾಗಿ ಹಿಡಿದಿಲ್ಲವೆಂದರೆ, ಅದರ ಮೇಲೆ ಎಳೆದ ಪುಟ್ಟಿ ಆ ಸುಣ್ಣವನ್ನೂ ಕಿತ್ತುಕೊಂಡು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಇನ್ನು ಕಾಣದ ಜಾಗದಲ್ಲಿ ಮೊಳೆಯಿಂದ ಗೀರಿ ನೋಡಿ. ಮೆತ್ತಗೆ ಉದುರಿದರೆ ಮಣ್ಣು ಅಥವಾ ಸುಣ್ಣದ ಗಾರೆ, ಗೀರೇ ಬೀಳದಷ್ಟು ಗಟ್ಟಿಯಿದ್ದರೆ ಸಿಮೆಂಟು. ಆಮೇಲೆ ಕರಣೆಯ ಹಿಡಿಯಿಂದ ಇಡೀ ಗೋಡೆ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅಲ್ಲಿನ ಗಾರೆ ಗೋಡೆಯನ್ನು ಬಿಟ್ಟಿದೆ, ಅದನ್ನು ಕಿತ್ತು ಹೊಸದಾಗಿ ತುಂಬಬೇಕು.

ನೆಲದಿಂದ ಎರಡು-ಮೂರು ಅಡಿ ಎತ್ತರದವರೆಗೆ ತೇವದ ಕಲೆ, ಬಿಳಿ ಉಪ್ಪು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ನೆಲದ ನೀರು ಗೋಡೆಯೊಳಗೆ ಏರಿ, ಆರುವಾಗ ಉಪ್ಪನ್ನು ಮೈಮೇಲೆ ಬಿಟ್ಟು ಹೋಗುತ್ತದೆ. ಹರಳುಗಟ್ಟುವ ಆ ಉಪ್ಪು ಎಂಥ ಪುಟ್ಟಿಯನ್ನೂ ಎತ್ತಿ ಬಿಸಾಡುತ್ತದೆ. ಒಣ ಬ್ರಷ್‌ನಿಂದ ಉದುರಿಸಿ ಗುಡಿಸಿ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ಬಚ್ಚಲ ನೀರು, ಮಾಳಿಗೆಯ ಸೋರಿಕೆ, ಹೊರಗೆ ಗೋಡೆಗೆ ಒತ್ತಿಕೊಂಡ ಮಣ್ಣಿನ ರಾಶಿ, ಇವುಗಳಲ್ಲಿ ಯಾವುದು ಕಾರಣವೋ ಅದನ್ನು ಮೊದಲು ಸರಿಮಾಡಿ.

ಕೆರೆಯುವುದು ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಒಂದು ಗೋಡೆಗೆ ನಾಲ್ಕು ದಿನ ಹಿಡಿದರೆ ಅದರಲ್ಲಿ ಮೂರು ದಿನ ಇದಕ್ಕೇ ಹೋಗಬೇಕು. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಸುಣ್ಣದ ಪುಡಿ ಕಣ್ಣಿಗೆ ಬಿದ್ದರೆ ಉಜ್ಜದೆ ತುಂಬಾ ಹೊತ್ತು ಧಾರಾಳ ನೀರಿನಲ್ಲಿ ತೊಳೆದು, ವೈದ್ಯರಿಗೆ ತೋರಿಸಿ. ಹಳೇ ಆಯಿಲ್ ಪೇಂಟ್ ಇದ್ದರೆ ಒಣದಾಗಿ ಉಜ್ಜಲೇಬೇಡಿ. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಸಿಮೆಂಟ್ ಗೋಡೆಯಾದರೆ ಬಿಳಿ ಸಿಮೆಂಟಿನ ಪುಟ್ಟಿ ಸಾಕು. ಬಿರುಕನ್ನು ಕರಣೆಯ ತುದಿಯಿಂದ ಸ್ವಲ್ಪ ಅಗಲಿಸಿ, ಧೂಳು ತೆಗೆದು, ಒದ್ದೆ ಮಾಡಿ ತುಂಬಿ. ದೊಡ್ಡ ಗುಂಡಿಗೆ ಮರಳು-ಸಿಮೆಂಟಿನ ಗಾರೆಯೇ ಬೇಕು. ಕಲಸುವಾಗ ಬಕೆಟ್‌ಗೆ ಮೊದಲು ನೀರು, ಆಮೇಲೆ ಪುಡಿ. ತಿರುವುಮುರುವಾದರೆ ತಳದಲ್ಲಿ ಗಂಟು ಉಳಿಯುತ್ತದೆ. ಹದ ಎಷ್ಟೆಂದರೆ, ಮಿರ್ಚಿ ಬಜ್ಜಿಯ ಹಿಟ್ಟಿಗಿಂತ ತುಸು ಗಟ್ಟಿ: ಬ್ಲೇಡ್ ಓರೆ ಮಾಡಿದರೆ ಜಾರಬಾರದು, ಒತ್ತಿ ಎಳೆದರೆ ಹರಡಬೇಕು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ. ಎರಡು ತಾಸಿನಲ್ಲಿ ಮುಗಿಯುವಷ್ಟೇ ಕಲಸಿಕೊಳ್ಳಿ. ಗಟ್ಟಿಯಾಗತೊಡಗಿದ್ದಕ್ಕೆ ನೀರು ಬೆರೆಸಿ ಬಳಸಬೇಡಿ.

ಗೋಡೆಗೆ ನೀರು ಚಿಮುಕಿಸಿ, ಮೇಲಿನ ಹೊಳಪು ಆರಿದ ಮೇಲೆ ಶುರು ಮಾಡಿ. ಮೊದಲ ಕೈ ಕೆಳಗಿನಿಂದ ಮೇಲಕ್ಕೆ. ಬ್ಲೇಡನ್ನು ಗೋಡೆಗೆ ತೀರಾ ಒರಗಿಸಿದರೆ ಪುಟ್ಟಿ ದಪ್ಪವಾಗಿ ಕೂರುತ್ತದೆ, ನೆಟ್ಟಗೆ ಹಿಡಿದರೆ ಹಾಕಿದ್ದೆಲ್ಲ ಕೆರೆದು ಬರುತ್ತದೆ. ನಡುವಿನ ಆ ಕೋನ ಬರಹದಿಂದ ಬಾರದು, ಕೈಗೇ ಬರಬೇಕು. ಹಾಗಾಗಿ ಮೊದಲ ಪ್ರಯೋಗ ಬೀರುವಿನ ಹಿಂದಿನ ಗೋಡೆಯ ಮೇಲೇ ನಡೆಯಲಿ. ಆರಿದ ಮೇಲೆ ಎದ್ದ ಗೆರೆಗಳನ್ನು ಬ್ಲೇಡಿನಿಂದ ತಟ್ಟಿ ಉದುರಿಸಿ, ಎರಡನೇ ಕೈಯನ್ನು ಅಡ್ಡಡ್ಡ ಎಳೆಯಿರಿ. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ರಾತ್ರಿ ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡ ಬೆಳಕು ಬಿಡಿ. ಹಗಲು ಕಾಣದ ಉಬ್ಬು-ತಗ್ಗೆಲ್ಲ ನೆರಳಾಗಿ ಕಾಣುತ್ತದೆ.

ನಮ್ಮ ಕಡೆಯ ಬಿಸಿಲನ್ನು ಚೀಲದ ಮೇಲಿನ ಸೂಚನೆಯಲ್ಲಿ ಹುಡುಕಬೇಡಿ. ಏಪ್ರಿಲ್-ಮೇ ತಿಂಗಳ ಧಗೆಯಲ್ಲಿ, ಫ್ಯಾನ್ ಹಾಕಿಕೊಂಡು ಎಳೆದರೆ ಸಿಮೆಂಟು ಗಟ್ಟಿಯಾಗುವ ಮೊದಲೇ ನೀರು ಆವಿಯಾಗುತ್ತದೆ. ಮಾರನೇ ದಿನ ಮುಟ್ಟಿದರೆ ಗೋಡೆ ಹಿಟ್ಟು ಬಿಡುತ್ತದೆ. ಬೆಳಗಿನ ಹೊತ್ತೇ ಮಾಡಿ, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ. ಬೆವರು ಸುರಿಯುತ್ತದೆ, ಸುರಿಯಲಿ.

ಗೋಡೆ ಸುಣ್ಣದ್ದೋ ಮಣ್ಣಿನದ್ದೋ ಆದರೆ ದಾರಿ ಬೇರೆ. ಅಂಥ ಗೋಡೆ ತೇವವನ್ನು ಹೀರುತ್ತದೆ, ಬಿಡುತ್ತದೆ. ಅದರ ಮೇಲೆ ಸಿಮೆಂಟು, ಪ್ಲಾಸ್ಟಿಕ್ ಪೇಂಟ್ ಬಿಗಿದರೆ ತೇವ ಒಳಗೇ ಕೂತು ಮಣ್ಣನ್ನು ಮೆತ್ತಗಾಗಿಸುತ್ತದೆ. ಅದಕ್ಕೆ ಸುಣ್ಣವೇ ಸರಿ. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೂ ಇದೇ ವಸ್ತು. ಸುಣ್ಣದ ಕಲ್ಲು ಸುಮಾರು 900 ಡಿಗ್ರಿಯಲ್ಲಿ ಬೆಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ನೀರು ಕುಡಿದು ಅರಳುತ್ತದೆ, ಗೋಡೆ ಏರಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು. ಸುಟ್ಟ ಸುಣ್ಣವನ್ನು ಮನೆಯಲ್ಲಿ ಅರಳಿಸುವ ಸಾಹಸ ಮಾತ್ರ ಬೇಡ, ಅದು ಕುದಿದು ಸಿಡಿಯುತ್ತದೆ. ಅರಳಿಸಿ ನೆನೆಸಿದ ಸುಣ್ಣವನ್ನೇ ತಂದು, ಸೋಸಿ, ಕೈಗವಸು ಹಾಕಿ ಕೆಲಸ ಮಾಡಿ. ತಗ್ಗು ತುಂಬಲು ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಮೇಲಿನ ತೆಳು ಕೈಗೆ ಜರಡಿ ಹಿಡಿದ ನಯ ಮರಳು, ಸಮಸಮ. ಪ್ರತಿ ಪದರವನ್ನೂ ಕೆಲವು ದಿನ ನೀರು ಚಿಮುಕಿಸಿ ಹಸಿಯಾಗಿಡಿ. ಬೆಲ್ಲದ ನೀರು, ಅಳಲೆಕಾಯಿ ರಸ ಹಾಕುವ ಹಳೇ ಪದ್ಧತಿ ಚಂದವೇ, ಆದರೆ ಹದ ಬಲ್ಲ ಮೇಸ್ತ್ರಿ ಇಲ್ಲದೆ ಕೈ ಹಾಕಬೇಡಿ.

ಹಂಪಿ ಬಜಾರಿನ ಸುತ್ತಮುತ್ತ ಮನೆ ಇರುವವರಿಗೆ ಇನ್ನೊಂದು ಮಾತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ರಿಪೇರಿಗೂ ಅನುಮತಿ ಬೇಕಾಗುತ್ತದೆ. ಗಾರೆ ಕೀಳುವ ಮೊದಲೇ ಕೇಳಿಕೊಳ್ಳಿ.

ಕೊನೆಗೆ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಸಿಮೆಂಟ್ ಗೋಡೆಗೆ ಪ್ರೈಮರ್, ಸುಣ್ಣದ ಗೋಡೆಗೆ ತಿಳಿಸುಣ್ಣ. ಬಕೆಟ್‌ನಲ್ಲಿ ಉಳಿದ ಪುಟ್ಟಿಯನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನೊಳಗೆ ಕಲ್ಲಾಗಿ ಕೂರುತ್ತದೆ. ಹಳೇ ಪೇಪರಿನ ಮೇಲೆ ಹರಡಿ ಒಣಗಿಸಿ ಎಸೆಯಿರಿ.