ಪ್ರೆಟ್ಜೆಲ್ ಮಾಡೋಕೆ ಯಾವ ಸೋಡಾ? ಅಂಗಡಿಗೆ ಹೋಗೋ ಮುಂಚೆ ಇದನ್ನ ಓದ್ರಿ

ಟಿಳಕವಾಡಿ: ಮೊಬೈಲ್‌ನಲ್ಲಿ ಅಡುಗೆ ವಿಡಿಯೋ ನೋಡೋರಿಗೆ ಪ್ರೆಟ್ಜೆಲ್ ಹೊಸದಲ್ಲ. ಹೊರಗೆ ಕಡು ಕಂದು ಬಣ್ಣ, ಹೊಳಪು, ಮೇಲೆ ಹರಳುಪ್ಪು. ಮುರಿದರೆ ಒಳಗೆ ಪಾವ್ ಥರ ಬೆಳ್ಳಗೆ, ಮೆತ್ತಗೆ. ಇದನ್ನ ಮನೆಯಲ್ಲೇ ಮಾಡಬಹುದು. ಮೈದಾ, ಈಸ್ಟ್, ಬೆಣ್ಣೆ, ಸಕ್ಕರೆ, ಉಪ್ಪು, ಎಲ್ಲವೂ ಇಲ್ಲೇ ಸಿಗುತ್ತೆ. ಎಡವಟ್ಟಾಗೋದು ಒಂದೇ ಸಾಮಾನಿನ ಹೆಸರಲ್ಲಿ. ಅದು ಸೋಡಾ.

ವಿದೇಶಿ ವಿಡಿಯೋಗಳಲ್ಲಿ ಕಣಕದ ತುಂಡುಗಳನ್ನ 'ಲೈ' ನೀರಲ್ಲಿ ಅದ್ದಿ ತೆಗೆದು ಆಮೇಲೆ ಬೇಯಿಸ್ತಾರೆ. ಲೈ ಅಂದ್ರೇನು ಅಂತ ಹುಡುಕಿದ್ರೆ ಕಾಸ್ಟಿಕ್ ಸೋಡಾ ಅಂತ ಉತ್ತರ ಬರುತ್ತೆ. ನಮ್ಮಲ್ಲಿ ಕಾಸ್ಟಿಕ್ ಸೋಡಾ ಸಿಗೋದು ಹಾರ್ಡ್‌ವೇರ್ ಅಂಗಡಿಯಲ್ಲಿ, ಕಟ್ಟಿಕೊಂಡ ಮೋರಿ ಪೈಪ್ ಬಿಡಿಸೋಕೆ. ಅದನ್ನ ತಂದು ತಿನ್ನೋ ಪದಾರ್ಥಕ್ಕೆ ಹಾಕಲೇಬಾರದು. ಜರ್ಮನಿಯ ಬೇಕರಿಗಳಲ್ಲಿ ಬಳಸೋದು ಆಹಾರಕ್ಕೆಂದೇ ತಯಾರಾದ ಕಾಸ್ಟಿಕ್. ಅದನ್ನ ನೂರಕ್ಕೆ 3-4 ಭಾಗದಷ್ಟು ಮಾತ್ರ ನೀರಲ್ಲಿ ಕರಗಿಸಿ, ಕೈಗವಸು, ಕನ್ನಡಕ ಹಾಕಿಕೊಂಡು ಮಾಡ್ತಾರೆ. ಒಲೆಯ ಬಿಸಿಗೆ ಅದರ ಉರಿಗುಣ ಉಳಿಯೋದಿಲ್ಲ, ತಿನ್ನೋರಿಗೆ ತೊಂದರೆ ಇಲ್ಲ. ಆದರೆ ಮೋರಿ ತೊಳೆಯೋ ಕಾಸ್ಟಿಕ್‌ನಲ್ಲಿ ಬೇರೆ ಏನೇನು ಸೇರಿದೆಯೋ ಯಾರೂ ಗ್ಯಾರಂಟಿ ಕೊಡೋದಿಲ್ಲ.

ಮೂರು ಸೋಡಾ, ಒಂದೇ ಹೆಸರು

"ಸೋಡಾ ಕೊಡ್ರಿ" ಅಂದ್ರೆ ಅಂಗಡಿಯವರು ಮೂರರಲ್ಲಿ ಯಾವುದನ್ನಾದರೂ ಕೊಡಬಹುದು. ಮೊದಲನೆಯದು ಅಡುಗೆ ಸೋಡಾ. ಟಿಳಕವಾಡಿಯಲ್ಲಿ ಮರಾಠಿ ಮಾತಾಡೋರು 'ಖಾಯ್ಚಾ ಸೋಡಾ' ಅಂತಾರೆ, ಮಿರ್ಚಿ ಭಜಿ ಹಿಟ್ಟಿಗೆ ಚಿಟಿಕೆ ಹಾಕ್ತೀವಲ್ಲ, ಅದೇ. ಇದರ ರಾಸಾಯನಿಕ ಹೆಸರು ಸೋಡಿಯಂ ಬೈಕಾರ್ಬೋನೇಟ್. ಎರಡನೆಯದು ಬಟ್ಟೆ ಒಗೆಯೋ ವಾಷಿಂಗ್ ಸೋಡಾ, ಅಂದ್ರೆ ಸೋಡಿಯಂ ಕಾರ್ಬೋನೇಟ್. ಮೂರನೆಯದು ಕಾಸ್ಟಿಕ್, ಸೋಡಿಯಂ ಹೈಡ್ರಾಕ್ಸೈಡ್. ಮೂರೂ ಬೆಳ್ಳಗೆ. ಮೂರೂ ಕ್ಷಾರ. ಆದರೆ ಶಕ್ತಿ ಒಂದೇ ಅಲ್ಲ. ಕ್ಷಾರ ಅಳೆಯೋ ಪಿಎಚ್ ಪಟ್ಟಿಯಲ್ಲಿ ಅಡುಗೆ ಸೋಡಾದ ನೀರು ಸುಮಾರು 8, ವಾಷಿಂಗ್ ಸೋಡಾದ್ದು 11ರ ಆಸುಪಾಸು, ಕಾಸ್ಟಿಕ್ 13ರ ಮೇಲೆ. ಈ ಪಟ್ಟಿಯಲ್ಲಿ ಒಂದು ಅಂಕಿ ಏರಿದರೆ ಹತ್ತು ಪಟ್ಟು ಹೆಚ್ಚು ಅಂತ ಲೆಕ್ಕ. ಎಂಟಕ್ಕೂ ಹದಿಮೂರಕ್ಕೂ ಎಷ್ಟು ಅಂತರ ಅಂತ ನೀವೇ ಲೆಕ್ಕ ಹಾಕ್ರಿ.

ಪಾಪಡಖಾರ ಆಗುತ್ತಾ ಅಂತ ಕೇಳೋರೂ ಇದ್ದಾರೆ. ಹಪ್ಪಳಕ್ಕೆ ಹಾಕೋ ಅದೂ ಕ್ಷಾರವೇ. ಆದರೆ ಒಂದೊಂದು ಪ್ಯಾಕೆಟ್‌ನಲ್ಲಿ ಒಂದೊಂದು ಥರ ಇರುತ್ತೆ, ಅಳತೆ ಹೇಳೋಕೆ ಬರೋದಿಲ್ಲ. ಈನೋ, ಬೇಕಿಂಗ್ ಪೌಡರ್ ಅಂತೂ ಬೇಡವೇ ಬೇಡ. ಅವೆರಡರಲ್ಲೂ ಸೋಡಾದ ಜೊತೆ ಹುಳಿ ಸೇರಿರುತ್ತೆ, ನೀರಿಗೆ ಬಿದ್ದ ಕೂಡ್ಲೇ ನೊರೆಯೆದ್ದು ಶಕ್ತಿ ಮುಗಿದು ಹೋಗುತ್ತೆ.

ಕ್ಷಾರ ಯಾಕೆ ಬೇಕು?

ಸೋಡಾ ಹಾಕೋದು ಉಬ್ಬೋಕೆ ಅಂತ ನಾವು ತಿಳಿದಿರ್ತೀವಿ. ಇಲ್ಲಿ ಉಬ್ಬಿಸೋ ಕೆಲಸ ಈಸ್ಟ್‌ದು. ಸೋಡಾ ಕಣಕದೊಳಗೆ ಹೋಗೋದೇ ಇಲ್ಲ, ಮೇಲ್ಮೈಗೆ ಮಾತ್ರ ತಾಗುತ್ತೆ. ಹಿಟ್ಟಿನ ಪ್ರೋಟೀನು ಮತ್ತು ಸಕ್ಕರೆ ಅಂಶ ಬಿಸಿಗೆ ಒಂದಕ್ಕೊಂದು ಕೂಡಿ ಕಂದು ಬಣ್ಣ, ಪರಿಮಳ ಬರುತ್ತೆ. ಚಪಾತಿ ಮೇಲಿನ ಕಂದು ಚುಕ್ಕೆ, ಟೋಸ್ಟ್‌ನ ಬಣ್ಣ, ಎಲ್ಲ ಇದರದ್ದೇ. ಕ್ಷಾರ ಇದ್ರೆ ಈ ಕೆಲಸ ಬಹಳ ಬೇಗ ಆಗುತ್ತೆ. ಅದಕ್ಕೇ ಒಳಗಿನ ಭಾಗ ಒಣಗೋ ಮುಂಚೆಯೇ ಹೊರಗೆ ಕಡು ಕಂದು ಬರುತ್ತೆ. ಭಜಿ ಹಿಟ್ಟಿಗೆ ಸೋಡಾ ಜಾಸ್ತಿಯಾದ್ರೆ ಎಣ್ಣೆಗೆ ಬಿಟ್ಟ ತಕ್ಷಣ ಕೆಂಪಾಗೋದನ್ನ ನೋಡಿರ್ತೀರಿ, ಹಾಗೆ.

ಕ್ಷಾರದ ಶಕ್ತಿ ನೋಡೋಕೆ ಲ್ಯಾಬ್ ಬೇಡ, ಅರಿಸಿನ ಸಾಕು. ಆರತಿಗೆ ಓಕುಳಿ ಮಾಡುವಾಗ ಅರಿಸಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗುತ್ತಲ್ಲ, ಅದೇ ಪರೀಕ್ಷೆ. ಬಿಳಿ ಕಾಗದಕ್ಕೆ ಅರಿಸಿನ ಹಚ್ಚಿ ಒಣಗಿಸಿ, ಮೇಲೆ ಒಂದು ಹನಿ ಸೋಡಾ ನೀರು ಬಿಡ್ರಿ. ಬರೀ ಅಡುಗೆ ಸೋಡಾ ಆದ್ರೆ ಸ್ವಲ್ಪ ಕೆಂಪಡರುತ್ತೆ. ಕೆಳಗೆ ಹೇಳೋ ಹುರಿದ ಸೋಡಾ ಆದ್ರೆ ಗಾಢ ಕೆಂಪು.

ಮಾಡೋದು ಹೇಗೆ

300 ಗ್ರಾಂ ಮೈದಾ, ಒಂದು ಸಪಾಟು ಟೀ ಚಮಚ ಒಣ ಈಸ್ಟ್, ಒಂದು ಚಮಚ ಉಪ್ಪು, ಎರಡು ಚಮಚ ಸಕ್ಕರೆ, 25 ಗ್ರಾಂ ಬೆಣ್ಣೆ. ಬೆರಳು ತಡೆಯೋಷ್ಟು ಬೆಚ್ಚಗಿನ ನೀರು 160ರಿಂದ 170 ಮಿ.ಲೀ. ಬೇಕರಿಯಿಂದ ಹಸಿ ಈಸ್ಟ್ ತಂದ್ರೆ ಸುಮಾರು 10 ಗ್ರಾಂ ಹಾಕ್ರಿ. ಪರಾತದಲ್ಲಿ ಎಲ್ಲ ಸೇರಿಸಿ ಹತ್ತು ನಿಮಿಷ ನಾದಬೇಕು. ಚಪಾತಿ ಕಣಕಕ್ಕಿಂತ ತುಸು ಗಟ್ಟಿ ಇರಲಿ. ಸಡಿಲಾದ್ರೆ ಸೋಡಾ ನೀರಲ್ಲಿ ಬಿಟ್ಟಾಗ ಆಕಾರ ಕೆಡುತ್ತೆ. ಒದ್ದೆ ಬಟ್ಟೆ ಮುಚ್ಚಿ ಇಡ್ರಿ. ಬೇಸಿಗೆಯಲ್ಲಿ ಒಂದು ತಾಸಿಗೆ ಎರಡು ಪಟ್ಟು ಉಬ್ಬುತ್ತೆ. ಮಳೆಗಾಲದಲ್ಲಿ, ಅದರಲ್ಲೂ ಖಾನಾಪುರದ ಕಡೆಯ ಥಂಡಿಯಲ್ಲಿ, ಎರಡು ತಾಸು ಬೇಕಾದೀತು. ಗಡಿಯಾರ ನೋಡಬೇಡ್ರಿ, ಕಣಕ ನೋಡ್ರಿ.

ಆರು ಉಂಡೆ ಮಾಡಿ, ಒಂದೊಂದನ್ನೂ ಬೆರಳು ದಪ್ಪ ಹೊಸೆದು, ಹೆಬ್ಬೆರಳಿನ ಗಿಣ್ಣಿನಷ್ಟು ಉದ್ದಕ್ಕೆ ತುಂಡು ಮಾಡ್ರಿ. ಆ ಗಂಟು ಹಾಕಿದ ಆಕಾರ ನೋಡೋಕೆ ಚಂದ, ಆದರೆ ಮೊದಲ ಸಲಕ್ಕೆ ತುಂಡುಗಳೇ ಸುಲಭ. ಮಕ್ಕಳು ತಿನ್ನೋಕೂ ಅದೇ ಸರಿ. ತುಂಡುಗಳನ್ನ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಬಿಗಿಯಾಗ್ತವೆ.

ಈಗ ಸೋಡಾ ನೀರು. ಸ್ಟೀಲ್ ಬೋಗುಣಿಯಲ್ಲೇ ಮಾಡಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಕ್ಷಾರ ಅದನ್ನ ತಿನ್ನುತ್ತೆ, ಪಾತ್ರೆ ಕಪ್ಪಾಗುತ್ತೆ. ಒಂದು ಲೀಟರ್ ನೀರಿಗೆ 60 ಗ್ರಾಂ, ಅಂದಾಜು ನಾಲ್ಕು ದೊಡ್ಡ ಚಮಚ ಅಡುಗೆ ಸೋಡಾ. ಕುದಿಯೋ ನೀರಿಗೆ ಒಮ್ಮೆಲೇ ಸುರಿದರೆ ಉಕ್ಕಿ ಮೈಮೇಲೆ ಬರುತ್ತೆ. ಹಾಗಾಗಿ ತಣ್ಣೀರಿಗೇ ಹಾಕಿ ಕುದಿಸ್ರಿ. ಐದಾರು ತುಂಡು ಬಿಟ್ಟು, ಅರ್ಧ ನಿಮಿಷದಲ್ಲಿ ಝಾರಿಯಿಂದ ತೆಗೆದು, ನೀರು ಸೋರಿಸಿ, ಬೇಕಿಂಗ್ ಪೇಪರ್ ಹಾಸಿದ ತಟ್ಟೆ ಮೇಲೆ ಇಡ್ರಿ. ಪೇಪರ್‌ಗೂ ಎಣ್ಣೆ ಸವರಿರಬೇಕು, ಇಲ್ಲಾಂದ್ರೆ ಅಂಟುತ್ತೆ. ಮೇಲೆ ಹರಳುಪ್ಪು ಅಥವಾ ಎಳ್ಳು. 220 ಡಿಗ್ರಿ ಓವನ್‌ನಲ್ಲಿ 12ರಿಂದ 15 ನಿಮಿಷ. ತೆಗೆದ ಕೂಡ್ಲೇ ಕರಗಿಸಿದ ಬೆಣ್ಣೆ ಸವರಿದ್ರೆ ಹೊಳಪು. ಅಲ್ಲಿ ಸಾಸಿವೆ ಗೊಜ್ಜಿನಂಥ ಮಸ್ಟರ್ಡ್ ಜೊತೆ ತಿಂತಾರೆ. ನನ್ನ ಕೇಳಿದ್ರೆ ಬೆಣ್ಣೆ, ಶೇಂಗಾ ಚಟ್ನಿ ಇದಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತೆ.

ಬಣ್ಣ ಇನ್ನೂ ಗಾಢ ಬೇಕಾ?

ಕಾಸ್ಟಿಕ್ ಹತ್ತಿರ ಹೋಗದೇ ಅದಕ್ಕೊಂದು ದಾರಿ ಇದೆ. ಅಡುಗೆ ಸೋಡಾವನ್ನೇ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, 130ರಿಂದ 150 ಡಿಗ್ರಿ ಓವನ್‌ನಲ್ಲಿ ಒಂದು ತಾಸು ಬಿಡ್ರಿ. ಅದರಲ್ಲಿನ ನೀರಿನಂಶ, ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸೋಡಿಯಂ ಕಾರ್ಬೋನೇಟ್ ಉಳಿಯುತ್ತೆ. ಅಂದ್ರೆ ವಾಷಿಂಗ್ ಸೋಡಾದ ರಾಸಾಯನಿಕವೇ, ಆದರೆ ತಿನ್ನೋ ದರ್ಜೆಯ ಸೋಡಾದಿಂದ ಬಂದದ್ದು. ಸರಿಯಾಗಿ ಆಯ್ತೋ ಇಲ್ವೋ ಅಂತ ತಕ್ಕಡಿಯೇ ಹೇಳುತ್ತೆ: 100 ಗ್ರಾಂ ಇಟ್ಟಿದ್ರೆ 63 ಗ್ರಾಂ ಹತ್ತಿರಕ್ಕೆ ಇಳಿದಿರಬೇಕು. ಅಮೆರಿಕದ ಆಹಾರ ವಿಜ್ಞಾನ ಲೇಖಕ ಹೆರಾಲ್ಡ್ ಮೆಗೀ 2010ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದ ಮೇಲೆ ಈ ಉಪಾಯ ಮನೆಮನೆಗೆ ಹರಡಿತು.

ಇದನ್ನ ಲೀಟರ್ ನೀರಿಗೆ 40 ಗ್ರಾಂ ಕರಗಿಸಿ, ಕುದಿಸದೇ, ತುಂಡುಗಳನ್ನ ಅರ್ಧ ನಿಮಿಷ ಅದ್ದಿ, ಒಮ್ಮೆ ಬರೀ ನೀರಲ್ಲಿ ಜಾಲಿಸಿ ಬೇಯಿಸ್ರಿ. ಬರಿಗೈಯಲ್ಲಿ ಮುಟ್ಟಬೇಡ್ರಿ, ಚರ್ಮ ಉರಿಯುತ್ತೆ. ಪುಡಿ ಹಾರಿ ಮೂಗಿಗೆ, ಕಣ್ಣಿಗೆ ಹೋಗದಂತೆ ನೋಡ್ಕೊಳ್ರಿ. ಉಳಿದದ್ದನ್ನ ಡಬ್ಬಿಗೆ ಹಾಕಿ ಹೆಸರು ಬರೆದು ಮೇಲಿಡ್ರಿ. ಮನೆಯಲ್ಲಿ ಬೇರೆಯವರು ಅಡುಗೆ ಸೋಡಾ ಅಂತ ಇಡ್ಲಿ ಹಿಟ್ಟಿಗೆ ಹಾಕಬಾರದು.

ಓವನ್ ಇಲ್ಲಾಂದ್ರೆ? ಬೋರಲು ಕಡಾಯಿ ಮೇಲೆ ಮಂಡಿಗೆ ಮಾಡೋ ಊರು ನಮ್ಮದು. ಬೀಡಿನ ಪಡ್ಡಿನ ಹಂಚಿಗೆ ಬೆಣ್ಣೆ ಸವರಿ, ಸೋಡಾ ನೀರಿಂದ ತೆಗೆದ ತುಂಡುಗಳನ್ನ ಒಂದೊಂದು ಗುಳಿಗೆ ಇಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಮಗುಚಿ ಇನ್ನೊಂದು ಬದಿ ಕೆಂಪು ಮಾಡ್ರಿ. ಓವನ್‌ನಷ್ಟು ಒಂದೇ ಸಮ ಬಣ್ಣ ಬರೋದಿಲ್ಲ, ರುಚಿಗೆ ಅಂಥ ಕೊರತೆ ಇಲ್ಲ.

ಇದು ಜರ್ಮನಿಯ ದಕ್ಷಿಣ ಭಾಗದ ತಿಂಡಿ. ಆ ಸೀಮೆಗೂ ಕನ್ನಡಕ್ಕೂ ಒಂದು ನಂಟಿದೆ. 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅಲ್ಲಿನ ವುರ್ಟೆಂಬರ್ಗ್‌ನ ಬ್ರಾಕೆನ್‌ಹೈಮ್‌ನಲ್ಲಿ. ನಾವು ಜುಲೈ 1ಕ್ಕೆ ಪತ್ರಿಕಾ ದಿನ ಮಾಡೋದು ಅದಕ್ಕೇ.

ಅಂಗಡಿಯವರಿಗೆ

ರವಿವಾರ ಪೇಟೆಯಿಂದ ಮಾಲು ತಂದು ಬಿಡಿಯಾಗಿ ಮಾರೋ ಅಂಗಡಿಗಳಿಗೆ ಒಂದು ವಿನಂತಿ. ಮೂರು ಸೋಡಾಗಳನ್ನ ಒಂದೇ ಸಾಲಿನಲ್ಲಿ ಇಡಬೇಡ್ರಿ, ಹೆಸರಿಲ್ಲದ ಪುಡಿಕೆಯಲ್ಲಿ ಕಟ್ಟಬೇಡ್ರಿ. "ಸೋಡಾ" ಅಂದ ಗಿರಾಕಿಗೆ "ತಿನ್ನೋದಾ, ತೊಳೆಯೋದಾ?" ಅಂತ ಕನ್ನಡದಲ್ಲೋ ಮರಾಠಿಯಲ್ಲೋ ಒಮ್ಮೆ ಕೇಳ್ರಿ. ಸಣ್ಣ ಹುಡುಗರನ್ನ ಕಳಿಸಿದ್ರಂತೂ ಕೇಳಲೇಬೇಕು. ಕಾಸ್ಟಿಕ್ ಮೈಗೆ ಬಿದ್ರೆ ತಕ್ಷಣ ಹರಿಯೋ ನೀರಿಗೆ ಹಿಡಿದು ಕನಿಷ್ಠ 15-20 ನಿಮಿಷ ತೊಳೀಬೇಕು. ಲಿಂಬೆರಸ, ವಿನೆಗರ್ ಹಚ್ಚಬಾರದು. ಯಾರಾದ್ರೂ ನುಂಗಿದ್ರೆ ವಾಂತಿ ಮಾಡಿಸಬಾರದು, ಬರುವಾಗ ಸುಟ್ಟ ಗಂಟಲನ್ನೇ ಮತ್ತೆ ಸುಡುತ್ತೆ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಮನೆಯಲ್ಲಿ ಮಾಡಿ ಮಾರೋ ವಿಚಾರ ಇರೋ ಅಕ್ಕಂದಿರು, ಚಹಾ ಅಂಗಡಿಯವರು ಒಂದು ತಿಳ್ಕೊಂಡಿರಬೇಕು: ಇದು ಖಾರಿ, ಟೋಸ್ಟ್ ಥರ ಡಬ್ಬಿಯಲ್ಲಿ ವಾರಗಟ್ಟಲೆ ಇರೋದಿಲ್ಲ. ಮೇಲಿನ ಹರಳುಪ್ಪು ಗಾಳಿಯ ತೇವ ಎಳೆದುಕೊಂಡು ಕರಗುತ್ತೆ, ಸಿಪ್ಪೆ ಸುಕ್ಕಾಗುತ್ತೆ. ಜುಲೈ-ಆಗಸ್ಟ್‌ನ ಬೆಳಗಾವಿ ಮಳೆಯಲ್ಲಿ ಬೆಳಿಗ್ಗೆ ಮಾಡಿದ್ದು ಸಂಜೆಗೇ ಮೆತ್ತಗಾದೀತು. ಮಳೆಗಾಲಕ್ಕೆ ಉಪ್ಪಿನ ಬದಲು ಎಳ್ಳು ಹಚ್ಚೋದು ವಾಸಿ. ಅಥವಾ ಉಪ್ಪಿಲ್ಲದೆ ಬೇಯಿಸಿಟ್ಟು, ಗಿರಾಕಿ ಬಂದಾಗ ಬಿಸಿ ಮಾಡಿ ಬೆಣ್ಣೆ ಸವರಿ ಉಪ್ಪು ಉದುರಿಸಿ ಕೊಡ್ರಿ. ಎಷ್ಟೇ ಸಣ್ಣದಾಗಿ ಮಾರಿದ್ರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಮನೆಯಿಂದ ಮಾರೋರಿಗೂ ವಿನಾಯಿತಿ ಇಲ್ಲ. ಅರ್ಜಿ ಫಾಸ್ಕೋಸ್ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು.